ಕಂಬಳಿ ಹಾಯಿ, ಒಂದು ಹಿಡಿ ತೌಡು

ಆ ದೋಣಿ ಐದು ಮಾರು ಉದ್ದವಿತ್ತು. ನಡುವೆ ನಿಂತು ಎರಡೂ ಕೈ ಚಾಚಿದರೆ ಎರಡು ಕಡೆಯ ಅಂಚೂ ಬೆರಳಿಗೆ ಸಿಗುತ್ತಿದ್ದವು. ಅಷ್ಟು ಜಾಗದಲ್ಲಿ ನಾನು, ನನ್ನ ಮಗ, ಸೊಸೆ, ದೋಣಿಯ ಅಜ್ಜ, ಆಮೇಲೆ ಒಂದು ಕೂಸು, ಹೀಗೆ ಐದು ಜೀವ ಬದುಕಿದೆವು. ಕುರಿಗಳು ಬೇರೆ.

ಕೂಸು ಎಂದರೆ ನನ್ನ ಮೊಮ್ಮಗಳು. ಹೀಗೆ ಬರೆಯುವಾಗಲೂ ಕೈ ಒಂದು ಸಲ ತಡೆಯುತ್ತದೆ. ಏಕೆಂದರೆ ಅವಳನ್ನು ನಮ್ಮವಳು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಅವಳ ಹಲ್ಲಿನ ಸಾಲು, ಅವಳು ಓಡುವಾಗ ಎರಡು ಜಡೆಯೂ ಒಟ್ಟಿಗೆ ಎಗರುವುದು, ನಿದ್ದೆಯಲ್ಲಿ ನನ್ನ ಮೀಸೆ ಹಿಡಿದುಕೊಂಡೇ ಮಲಗುವುದು, ಇವನ್ನೆಲ್ಲ ಹೊಗಳುವಂತಿಲ್ಲ. ಹೊಟ್ಟೆಯಲ್ಲಿ ಸಂತೋಷ ಉಕ್ಕುತ್ತದೆ, ತುಟಿ ಬಿಗಿಹಿಡಿದು ಎದ್ದು ಕುರಿ ಹಟ್ಟಿಯ ಕಡೆ ಹೋಗುತ್ತೇನೆ. ಐದು ವರ್ಷದಿಂದ ಇದೇ ಆಯಿತು. ಬಾಯಲ್ಲಿ ಹೇಳಬಾರದು ಎಂದು ಹಿರಿಯರು ಕಟ್ಟಳೆ ಮಾಡಿದ್ದಾರೆ. ಬರೆಯಬಾರದು ಎಂದು ಮಾಡಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಇರಬೇಕು. ನನಗೆ ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಉಳಿದಿದೆ. ಅದನ್ನು ಇದಕ್ಕೆ ಬಳಸುತ್ತಿದ್ದೇನೆ.

ಮಾರಿಕಣಿವೆಯ ಕಟ್ಟೆ ಇರುವುದು ಹಿರಿಯೂರಿನ ಕಡೆ. ಅದರ ಹಿನ್ನೀರು ಗುಡ್ಡಗಳ ನಡುವೆ ನುಸುಳುತ್ತಾ ನಮ್ಮ ಹೊಸದುರ್ಗ ಸೀಮೆಯ ತನಕ ಬರುತ್ತದೆ. ನೀರು ಚೆನ್ನಾಗಿ ಬಂದ ವರ್ಷ ತಗ್ಗಿನ ನೆಲವೆಲ್ಲ ಮುಳುಗಿ, ಗುಡ್ಡದ ತಲೆಗಳು ಮಾತ್ರ ನಡುಗಡ್ಡೆಗಳಾಗಿ ಮೇಲೆ ನಿಲ್ಲುತ್ತವೆ. ಅಲ್ಲಿ ದನ ಹೋಗುವುದಿಲ್ಲ, ಜನ ಹೋಗುವುದಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆದು ತಾನಾಗಿ ಒಣಗುತ್ತದೆ. ದಡದಲ್ಲಿ ನಿಂತು ನೋಡುವ ಕುರಿಗಾರನಿಗೆ ಅದನ್ನು ಹಾಗೇ ಬಿಡುವುದು ಕಷ್ಟ.

ದೋಣಿಯ ಅಜ್ಜ ಘಟ್ಟದ ಕೆಳಗಿನವನು. ಯಾರೋ ಮೀನು ಹಿಡಿಸುವವರು ಅವನನ್ನೂ ಅವನ ದೋಣಿಯನ್ನೂ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಅವರು ಒಂದೆರಡು ವರ್ಷಕ್ಕೆ ಹೊರಟುಹೋದರು, ಇವನು ಹೋಗಲಿಲ್ಲ. ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಾ, ಮೀನು ಹಿಡಿಯುತ್ತಾ ಉಳಿದುಬಿಟ್ಟ. ಆಗಲೇ ಎಪ್ಪತ್ತರ ಹತ್ತಿರ ಇದ್ದ. ಮನೆ ಮಕ್ಕಳ ಮಾತು ತೆಗೆದರೆ ನೀರಿನ ಕಡೆ ನೋಡುತ್ತಿದ್ದ. ಅವನಿಗೆ ಹೊತ್ತುಹೊತ್ತಿಗೆ ಮುದ್ದೆ ಸಾರು, ನಮ್ಮ ಕುರಿಗಳಿಗೆ ನಡುಗಡ್ಡೆಯ ಹುಲ್ಲು. ಅಷ್ಟೇ ಮಾತಾಗಿ ನಾವು ಅವನ ದೋಣಿ ಹತ್ತಿದೆವು. ನನ್ನ ಹೆಂಡತಿ ಅದಕ್ಕೆ ಹಿಂದಿನ ವರ್ಷವೇ ತೀರಿಹೋಗಿದ್ದಳು. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಅದಕ್ಕೇ ಸೊಸೆಯೂ ನಮ್ಮ ಜೊತೆ ಬಂದಳು.

ಒಂದು ಸಲಕ್ಕೆ ಹದಿನೈದು ಕುರಿ. ಮೊದಲು ದೊಡ್ಡ ಟಗರನ್ನು ಹತ್ತಿಸಬೇಕು, ಅದು ಹತ್ತಿದರೆ ಉಳಿದವು ಹಿಂದೆ ಬರುತ್ತವೆ. ಹತ್ತಿದ ಮೇಲೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತುಬಿಡುತ್ತವೆ, ನೀರನ್ನು ನೋಡುವುದೇ ಇಲ್ಲ. ಮರಿಗಳನ್ನು ಬಿದಿರು ಬುಟ್ಟಿಯಲ್ಲಿ ಕೂರಿಸುತ್ತಿದ್ದೆವು. ಇಡೀ ಹಿಂಡು ದಾಟಲು ಒಂದು ಹಗಲು ಬೇಕು. ಎಂಟು ಹತ್ತು ದಿನಕ್ಕೆ ಒಂದು ಗುಡ್ಡದ ಹುಲ್ಲು ಮುಗಿಯುತ್ತಿತ್ತು, ಮತ್ತೆ ಇನ್ನೊಂದಕ್ಕೆ ಹೊರಡಬೇಕು. ಪುಟ್ಟದೊಂದು ಹರಿಗೋಲು ದೋಣಿಯ ಹಿಂದೆ ಹಗ್ಗದಲ್ಲಿ ತೇಲಿಕೊಂಡು ಬರುತ್ತಿತ್ತು.

ಬೆಳಿಗ್ಗೆ ಎದ್ದರೆ ಮಂಜು. ಪಕ್ಕದಲ್ಲೇ ಇರುವ ಗುಡ್ಡ ಕಾಣುತ್ತಿರಲಿಲ್ಲ, ಅದರ ಮೇಲಿನ ಕುರಿಗಳ ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಅಜ್ಜ ಎಲ್ಲರಿಗಿಂತ ಮೊದಲು ಎದ್ದು, ಬೆರಳು ಒದ್ದೆ ಮಾಡಿ ಮೇಲೆತ್ತಿ ಹಿಡಿದು ಗಾಳಿ ನೋಡುತ್ತಿದ್ದ. ಸೊಸೆ ದೋಣಿಯ ಮೂತಿಯ ಹತ್ತಿರ ಒಲೆ ಹಚ್ಚುತ್ತಿದ್ದಳು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಒಳಗೆ ಮಣ್ಣು ಮೆತ್ತಿದ ಒಲೆ ಅದು. ಮುದ್ದೆ ತಿರುವುವಾಗ ದೋಣಿ ಹೊಯ್ದಾಡಿದರೆ ಮಡಕೆ ಉರುಳುತ್ತದೆ ಎಂದು ಎರಡು ಪಾದದಿಂದ ಮಡಕೆಯನ್ನು ಒತ್ತಿಹಿಡಿದು ತಿರುವುತ್ತಿದ್ದಳು. ಅವಳ ಅಂಗಾಲು ಎರಡೂ ಸುಟ್ಟು ಕಪ್ಪಾಗಿದ್ದವು. ಬೆಂಕಿಪೊಟ್ಟಣ ಒಂದು ಮುಚ್ಚಳದ ಚೊಂಬಿನಲ್ಲಿ ಇರುತ್ತಿತ್ತು. ಅದೊಂದು ಬಿಟ್ಟರೆ ಆ ದೋಣಿಯಲ್ಲಿ ಒಣಗಿದ ವಸ್ತು ಇರಲಿಲ್ಲ. ಉಪ್ಪು ನೀರಾಗುತ್ತಿತ್ತು, ಹಿಟ್ಟು ಗಂಟಾಗುತ್ತಿತ್ತು, ಹೊದ್ದುಕೊಂಡದ್ದು ಬೆಳಗಿನ ಹೊತ್ತಿಗೆ ಹಸಿಯಾಗಿರುತ್ತಿತ್ತು. ಹಲಗೆಯ ಸಂದಿಯಲ್ಲಿ ನೀರು ಜಿನುಗುತ್ತಿತ್ತು. ಅಜ್ಜ ತನ್ನ ಊರಿನಲ್ಲಿ ಹತ್ತಿ ತುರುಕುತ್ತಿದ್ದನಂತೆ, ಇಲ್ಲಿ ನಾವು ಕುರಿಯ ಉಣ್ಣೆ ತುರುಕಿ ಮೇಲೆ ಅಂಟು ಬಳಿದೆವು. ಆದರೂ ಸರದಿಯಲ್ಲಿ ಒಬ್ಬರು ನೀರು ಮೊಗೆದು ಚೆಲ್ಲುತ್ತಲೇ ಇರಬೇಕು.

ಸೊಸೆ ಮಾತಾಡುತ್ತಿದ್ದುದು ಕಡಿಮೆ. ಅವಳು ಎರಡು ಕೂಸು ಕಳೆದುಕೊಂಡಿದ್ದಳು. ಒಂದು ಏಳನೇ ದಿನಕ್ಕೆ ಹೋಯಿತು, ಇನ್ನೊಂದು ಮೂರು ತಿಂಗಳಿದ್ದು ನಗುವುದು ಕಲಿತ ಮೇಲೆ ಹೋಯಿತು. ದೋಣಿ ಹತ್ತುವಾಗ ಮೂರನೆಯದು ಹೊಟ್ಟೆಯಲ್ಲಿತ್ತು. ನೀರು ತಿಳಿಯಾಗಿದ್ದ ದಿನ ಮುಳುಗಿದ ಮರಗಳ ಒಣ ತಲೆಗಳು ಕೆಳಗೆ ಕಾಣುತ್ತಿದ್ದವು. ಅವಳು ಅಂಚಿಗೆ ಗಲ್ಲ ಊರಿ ಅವನ್ನೇ ನೋಡುತ್ತಾ ಕೂತಿರುತ್ತಿದ್ದಳು. ಏನು ನೋಡುತ್ತಿದ್ದಾಳೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ.

ಆ ಮಾಗಿಯಲ್ಲೇ ಅಜ್ಜನ ಹಾಯಿ ಹರಿಯಿತು. ಹಳೇ ಬಟ್ಟೆ, ಹೊಲಿದ ಕಡೆಯೇ ಮತ್ತೆ ಹೊಲಿದದ್ದು. ಹಿರಿಯೂರಿಗೆ ಹೋದಾಗ ದಪ್ಪ ಬಟ್ಟೆ ತರಬೇಕು ಎಂದು ಅಜ್ಜ ಹೇಳಿದ. ನಾನು ಕೇಳಲಿಲ್ಲ. ನನ್ನ ಅಪ್ಪ ಕಂಬಳಿ ನೇಯುತ್ತಿದ್ದ, ನಾನೂ ನೇಯುತ್ತಿದ್ದೆ. ಮಳೆ ಬಂದರೆ, ಚಳಿ ಬಂದರೆ, ಮದುವೆಗೆ, ದೇವರಿಗೆ, ಎಲ್ಲದಕ್ಕೂ ನಮಗೆ ಕಂಬಳಿ ಒಂದೇ. ಗಾಳಿಗೂ ಅದೇ ಆದೀತು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದಡದ ಗುಡಿಸಲಿನಲ್ಲಿ ಮಗ್ಗ ಹೂಡಿ, ಕರಿ ಉಣ್ಣೆಯಲ್ಲಿ ನಾಲ್ಕು ಪಟ್ಟಿ ನೇಯ್ದು, ಸೇರಿಸಿ ಹೊಲಿದೆ. ಹುಣಸೆ ಬೀಜ ಅರೆದು ಗಂಜಿ ಕಾಯಿಸಿ ಎರಡು ಸಲ ಬಳಿದೆ. ಗಂಜಿ ಕುಡಿದು ಒಣಗಿದ ಮೇಲೆ ಅದು ಹಲಗೆಯ ಹಾಗೆ ನಿಂತಿತು.

ಅಜ್ಜ ಅದನ್ನು ಕಂಬಕ್ಕೆ ಕಟ್ಟುವಾಗ ನಗುತ್ತಲೇ ಇದ್ದ. "ಗೌಡ್ರೆ, ದೋಣಿಗೆ ಚಳಿ ಅಂತ ಯಾರು ಹೇಳಿದ್ದು ನಿಮ್ಗೆ?" ಎಂದ.

"ಗಾಳಿ ಹಿಡಿತೈತೋ ಇಲ್ವೋ ನೋಡಜ್ಜ, ಆಮ್ಯಾಕೆ ನಗು" ಎಂದೆ ನಾನು.

ಗಾಳಿ ಹಿಡಿಯಿತು. ಚೆನ್ನಾಗಿಯೇ ಹಿಡಿಯಿತು. ದಡದಲ್ಲಿದ್ದವರು ಕೂಗಿ ಮಗನನ್ನು ಗೇಲಿ ಮಾಡಿದರು, ನಿಮ್ಮಪ್ಪ ನೀರಿಗೂ ಕಂಬಳಿ ಕೊಪ್ಪೆ ಹಾಕಿದನಲ್ಲೋ ಎಂದು. ನಾನು ಹೆಮ್ಮೆಯಿಂದ ಮೇಲೆ ನೋಡುತ್ತಾ ಕೂತಿದ್ದೆ. ಅಜ್ಜ ಚುಕ್ಕಾಣಿ ಹಿಡಿದು ಸುಮ್ಮನೆ ಒಂದು ಮಾತು ಹೇಳಿದ. ಒಣಗಿರುವ ತನಕ ಇದು ಹಾಯಿ, ನೆನೆದ ದಿನ ಏನಾಗುತ್ತದೋ ನೋಡಬೇಕು ಎಂದ. ಮಳೆಗಾಲದಲ್ಲಿ ನಾವು ದೋಣಿಯಲ್ಲಿ ಇರುವುದಿಲ್ಲವಲ್ಲ ಎಂದು ನಾನು ಉತ್ತರ ಕೊಟ್ಟೆ.

ಶಿವರಾತ್ರಿಯ ಹೊತ್ತಿಗೆ ಸೊಸೆಯನ್ನು ದಡದ ಗುಡಿಸಲಿಗೆ ಇಳಿಸಿದೆವು. ಊರಿನಿಂದ ಸೂಲಗಿತ್ತಿ ಬಂದಳು. ಹೆಣ್ಣು ಕೂಸು. ಕೆಂಪಗೆ, ಮುಷ್ಟಿ ಬಿಗಿಹಿಡಿದು, ಯಾರ ಮೇಲೋ ಸಿಟ್ಟು ಮಾಡಿಕೊಂಡ ಹಾಗೆ ಅಳುತ್ತಿತ್ತು. ನನಗೆ ಆ ದಿನ ಕಾಲು ನೆಲಕ್ಕೆ ತಾಗಲಿಲ್ಲ. ಕುರಿಗಳಿಗೆ ಹೋಗಿ ಹೇಳಿದೆ, ಟಗರಿನ ಕಿವಿ ಹಿಡಿದು ಹೇಳಿದೆ. ಸೊಸೆ ಮಾತ್ರ ಕೂಸಿನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ ಮೊಲೆ ಕೊಟ್ಟಳು. ನೋಡಿದರೆ ಆಸೆಯಾಗುತ್ತದೆ ಎಂದು ಸೂಲಗಿತ್ತಿಯ ಹತ್ತಿರ ಹೇಳಿದಳಂತೆ.

ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ಮಾರುವ ಪದ್ಧತಿ ನಮ್ಮಲ್ಲಿ ಉಂಟು. ಬಳಗದ ಹೊರಗಿನವರು ಒಂದು ಹಿಡಿ ತೌಡು ಕೊಟ್ಟು ಕೂಸನ್ನು ಕೊಳ್ಳುತ್ತಾರೆ. ಆ ತೌಡನ್ನು ಕುರಿಗೆ ಹಾಕುತ್ತೇವೆ. ಅಲ್ಲಿಂದ ಕೂಸು ಅವರದು, ಹೆತ್ತವಳು ಬರೀ ಹಾಲು ಕುಡಿಸುವವಳು. ನಮ್ಮದು ಎನ್ನಬಾರದು, ಹೊಗಳಬಾರದು, ನಾವು ಬಳೆ ತೊಡಿಸಬಾರದು. ಈ ಮನೆಯಲ್ಲಿ ಕೂಸೇ ಇಲ್ಲ ಎಂದುಕೊಂಡು ಸಾವು ಮುಂದಕ್ಕೆ ಹೋಗಲಿ ಎಂದು. ವರ್ಷ ತುಂಬಿದ ಮೇಲೆ ಅವರ ಕೈಗೇ ಒಂದು ಹಿಡಿ ತೌಡು, ಒಂದು ಹೊಸ ಬಟ್ಟೆ ಕೊಟ್ಟು ಕೂಸನ್ನು ಮರಳಿ ಕೊಳ್ಳಬೇಕು.

ಕೊಳ್ಳುವವರು ಮಕ್ಕಳೊಂದಿಗರಾಗಿರಬೇಕು, ಊರಿನಿಂದ ಯಾರನ್ನಾದರೂ ಕರೆಸಿ ಎಂದು ಸೂಲಗಿತ್ತಿ ಹೇಳಿದಳು. ಊರು ಎರಡು ಹರಿದಾರಿ ದೂರ. ಅಷ್ಟರಲ್ಲಿ ಏನಾಗುತ್ತದೋ ಎಂಬ ಹೆದರಿಕೆ ಒಂದು ಕಡೆ, ಹುಚ್ಚು ಸಂತೋಷ ಒಂದು ಕಡೆ. ಅಜ್ಜ ಗುಡಿಸಲಿನ ಮುಂದೆ ಬಲೆ ಹೊಲಿಯುತ್ತಾ ಕೂತಿದ್ದ. ನೀನೇ ಕೊಳ್ಳಜ್ಜ ಎಂದುಬಿಟ್ಟೆ. ಅವನ ಹತ್ತಿರ ತೌಡು ಎಲ್ಲಿಂದ ಬರಬೇಕು. ನಮ್ಮ ಮಡಕೆಯಿಂದಲೇ ಒಂದು ಹಿಡಿ ತೆಗೆದು ನನ್ನ ಕೈಗೆ ಕೊಟ್ಟ. "ನಿಮ್ಮ ತೌಡು, ನಿಮ್ಮ ಕೂಸು, ನನ್ನದೆಂತ ಇದ್ರಲ್ಲಿ?" ಎಂದು ನಕ್ಕ. ಆದರೆ ಕೂಸನ್ನು ಅವನ ತೊಡೆಯ ಮೇಲೆ ಇಟ್ಟಾಗ ಅವನ ನಗು ನಿಂತಿತು. ಮೀನಿನ ವಾಸನೆಯ ಎರಡು ಕೈಯನ್ನೂ ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಆಮೇಲೆ ಮುಟ್ಟಿದ.

ಮಳೆಗಾಲ ದಡದಲ್ಲಿ ಕಳೆದು ಮತ್ತೆ ದೋಣಿ ಹತ್ತುವ ಹೊತ್ತಿಗೆ ಕೂಸು ಮಗುಚಿಕೊಳ್ಳುತ್ತಿತ್ತು, ಅಂಬೆಗಾಲಿಡುತ್ತಿತ್ತು. ಹರಿದ ಹಳೇ ಹಾಯಿಯನ್ನು ಅಜ್ಜ ಜೋಲಿ ಮಾಡಿ ಹಾಯಿಕಂಬದ ಬುಡಕ್ಕೆ ಕಟ್ಟಿದ. ದೋಣಿ ಅಲುಗಿದರೆ ಸಾಕು, ತೂಗುವವರೇ ಬೇಡ. ಕೂಸು ಅಳುವುದನ್ನೇ ಮರೆಯಿತು. ಮೇಲೆ ಕಂಬಳಿ ಹಾಯಿ, ಕೆಳಗೆ ಬಟ್ಟೆಯ ಜೋಲಿ. ನನ್ನ ಕಣ್ಣಿಗೆ ಅದಕ್ಕಿಂತ ಚೆಂದ ಬೇರೆ ಇರಲಿಲ್ಲ, ಹೇಳುವಂತಿರಲಿಲ್ಲ. ಅಜ್ಜ ಹೇಳುತ್ತಿದ್ದ. ಅವನಿಗೆ ಯಾವ ಅಡ್ಡಿ. ನನ್ನ ಮಗಳ ಕಣ್ಣು ನೋಡಿ, ನನ್ನ ಮಗಳ ಹಿಡಿತ ನೋಡಿ, ಹುಟ್ಟು ಹಾಕುವ ಕೈ ಇದು ಎಂದು ದಿನವಿಡೀ ಹೇಳುತ್ತಿದ್ದ. ಮೀನಿನ ಮುಳ್ಳು ಬಿಡಿಸಿ ಅಕ್ಕಿ ಕಾಳಿನಷ್ಟು ನಾಲಿಗೆಗೆ ಇಡುತ್ತಿದ್ದ. ಬೇಸಿಗೆಗೆ ಘಟ್ಟ ಇಳಿಸಿಕೊಂಡು ಹೋಗಿ ಸಮುದ್ರ ತೋರಿಸುತ್ತೇನೆ ಎನ್ನುತ್ತಿದ್ದ.

ಒಂದು ದಿನ ಮುದ್ದೆ ಉಣ್ಣುವಾಗ ನಾನು ತಮಾಷೆಗೆ ಎಂಬ ಹಾಗೆ ಕೇಳಿದೆ, ಶಿವರಾತ್ರಿಗೆ ವರ್ಷ ತುಂಬುತ್ತಲ್ಲ ಅಜ್ಜ, ತೌಡು ಎಷ್ಟು ತರಲಿ ಎಂದು.

ಅಜ್ಜ ತಲೆ ಎತ್ತಲಿಲ್ಲ. "ನೀವು ಮಾರಿದ್ರಿ, ನಾನು ತಗೊಂಡೆ. ಮುಗೀತಲ್ಲ ಮಾರಾಯ್ರೆ. ಮತ್ತೆಂತ?" ಎಂದ.

ಮಗ ನಕ್ಕ. ನಾನೂ ನಕ್ಕೆ. ಅಜ್ಜ ನಕ್ಕನೋ ಇಲ್ಲವೋ ನನಗೆ ಸರಿಯಾಗಿ ತಿಳಿಯಲಿಲ್ಲ. ಸೊಸೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸು ಬಿತ್ತು. ಅಂದಿನಿಂದ ಅವಳು ಕೂಸಿನ ಕಾಲಿಗೂ ತನ್ನ ಮುಂಗೈಗೂ ಒಂದು ಉಣ್ಣೆ ದಾರ ಕಟ್ಟಿಕೊಂಡು ಮಲಗತೊಡಗಿದಳು. ಹುಟ್ಟಿದ ದಿನ ಮುಖ ನೋಡದಿದ್ದವಳು ಈಗ ಕಣ್ಣು ತೆಗೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಗುಡ್ಡದ ಮೇಲೆ ಸೌದೆ ಆರಿಸುವಾಗ ನನ್ನ ಹತ್ತಿರ ಬಂದು ನಿಂತಳು. "ಮಾವ, ಅವ್ರು ಕೊಡದಿದ್ರೆ ಏನ್ ಮಾಡಾಣ?" ಎಂದಳು. ಕೊಡದೆ ಏನವ್ವ, ಪದ್ಧತಿ ಐತೆ, ಮುದುಕ ತಮಾಷೆ ಮಾಡ್ತಾನೆ ಎಂದೆ. ಹಾಗೆ ಎಂದವನು ಅದೇ ವಾರ ದಡಕ್ಕೆ ಹೋದಾಗ ಒಂದು ಹಿಡಿ ತೌಡು ತಂದು ಬಟ್ಟೆಯ ತುದಿಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕೂಸಿಗೆ ಕರಿಬಳೆ ತೊಡಿಸಬೇಕು ಎಂದು ಅಜ್ಜ ಹಠ ಹಿಡಿದ. ಕೊಂಡವನು ಅವನು, ತೊಡಿಸುವ ಅಧಿಕಾರ ಅವನದು. ಆಚೆ ದಡದ ಊರಿನ ಸಂತೆಗೆ ಬಳೆಗಾರ ಬರುತ್ತಾನೆ. ಕೂಸು ಹಾಲು ಬಿಟ್ಟು ಇರುವುದಿಲ್ಲವಾದ್ದರಿಂದ ಸೊಸೆಯೂ ಹೋಗಬೇಕಾಯಿತು. ನಾನೂ ಮಗನೂ ಗುಡ್ಡದ ಮೇಲೆ ಕುರಿಗಳ ಜೊತೆ ಉಳಿದೆವು, ಹರಿಗೋಲು ನಮ್ಮ ಹತ್ತಿರ ಬಿಟ್ಟು ಹೋದರು. ಕಾರ್ತಿಕ ಮುಗಿದಿತ್ತು, ಮಳೆಯ ಕಾಲವಲ್ಲ. ಮಧ್ಯಾಹ್ನದ ಹೊತ್ತಿಗೆ ಮೂಡಲ ಕಡೆಯಿಂದ ಆಕಾಶ ಬೂದಿಯಾಗಿ ಇಳಿಯಿತು. ಕುರಿಗಳು ಒಂದಕ್ಕೊಂದು ಅಂಟಿಕೊಂಡು ಬೆನ್ನು ತಿರುಗಿಸಿ ನಿಂತವು. ಆಮೇಲೆ ಮಳೆ ಬಂತು.

ದೋಣಿ ಆಗಲೇ ಹಿಂದಿರುಗುತ್ತಿತ್ತು. ಗುಡ್ಡದ ತಲೆಯ ಮೇಲಿನಿಂದ ನಮಗೆ ಕಾಣುತ್ತಿತ್ತು. ಕಂಬಳಿ ನೆನೆಯುವುದನ್ನು ನಾನು ಅಷ್ಟು ದೂರದಿಂದ ಕಂಡೆ. ಮೊದಲು ಬಣ್ಣ ಇನ್ನೂ ಕಪ್ಪಾಯಿತು, ಆಮೇಲೆ ಹಲಗೆಯಂತೆ ನಿಂತಿದ್ದದ್ದು ಜೋತುಬಿತ್ತು. ಹುಣಸೆ ಗಂಜಿಯೆಲ್ಲ ಕರಗಿ ಹೋದ ಮೇಲೆ ಅದು ನೀರು ಕುಡಿಯುತ್ತಾ ಹೋಯಿತು. ಹೆಗಲ ಮೇಲೆ ಹೊದ್ದ ಒಂದು ಕಂಬಳಿ ನೆನೆದರೇ ನಡೆಯುವುದು ಕಷ್ಟ. ಅದು ನಾಲ್ಕು ಕಂಬಳಿ, ಕಂಬದ ತುದಿಯಲ್ಲಿ. ಕಂಬ ವಾಲಿತು. ಗಾಳಿ ಹೊಡೆದ ಕಡೆಗೇ ದೋಣಿ ಒರಗಿ ಮುಳುಗಿದ ಮರಗಳ ಕಡೆ ಹೋಯಿತು. ಆಮೇಲೆ ಮಳೆಯಲ್ಲಿ ಏನೂ ಕಾಣಲಿಲ್ಲ.

ನಾವು ಹರಿಗೋಲು ಇಳಿಸಿದೆವು. ಗಾಳಿಗೆ ಅದು ಬುಗುರಿಯಂತೆ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಮಗ ಹುಟ್ಟು ಹಾಕುತ್ತಾ ಅಳುತ್ತಿದ್ದ. ನಾನು ನೀರು ಮೊಗೆಯುತ್ತಿದ್ದೆ. ಹೊತ್ತು ಇಳಿಯುವಾಗ ತಲುಪಿದೆವು. ದೋಣಿ ಒಂದು ಒಣಮರದ ತಲೆಗೆ ಸಿಕ್ಕಿಕೊಂಡು ಅರ್ಧ ಮಗುಚಿ ನಿಂತಿತ್ತು. ಎತ್ತರದ ಕಡೆಯ ಅಂಚಿನಲ್ಲಿ ಸೊಸೆ ಎರಡು ಕಾಲನ್ನೂ ಹಲಗೆಗೆ ಒತ್ತಿ, ಕೂಸಿದ್ದ ಜೋಲಿಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಳು. ಅಜ್ಜ ನೀರಿನಲ್ಲಿದ್ದ. ನೀರೊಳಗಿನ ಕೊಂಬೆಯ ಮೇಲೆ ನಿಂತು, ತಗ್ಗಿದ ಕಡೆಯ ಅಂಚನ್ನು ಹೆಗಲಿಗೆ ಕೊಟ್ಟು, ಮಗುಚದ ಹಾಗೆ ಹಿಡಿದಿದ್ದ. ಮಧ್ಯಾಹ್ನದಿಂದ ಹಾಗೇ ನಿಂತಿದ್ದನಂತೆ. ಕಂಬಳಿಯ ಹಗ್ಗ ಕತ್ತರಿಸಿದ್ದ. ಅದು ಅವನ ಪಕ್ಕದಲ್ಲೇ ಸತ್ತ ಎಮ್ಮೆಯಂತೆ ತೇಲುತ್ತಿತ್ತು.

ಕೂಸು ನನ್ನನ್ನು ಕಂಡು ಕೈ ಅಲ್ಲಾಡಿಸಿತು. ಎರಡು ಮುಂಗೈಯಲ್ಲೂ ಕರಿಬಳೆ ಇತ್ತು.

ಮಾರನೆಯ ದಿನವೇ ಅಜ್ಜನಿಗೆ ಜ್ವರ ಬಂತು. ಗಾಡಿ ಕಟ್ಟಿ ಹೊಸದುರ್ಗಕ್ಕೆ ಕರೆದೊಯ್ದೆವು. ಡಾಕ್ಟರು ಎದೆಯಲ್ಲಿ ಕಫ ಕಟ್ಟಿದೆ, ಇಲ್ಲೇ ಇರಲಿ ಎಂದರು, ಸೂಜಿ ಕೊಟ್ಟರು. ಎರಡು ದಿನ ಇದ್ದ, ಮೂರನೇ ದಿನ ಇರಲೊಲ್ಲ. ನೀರು ಕಾಣದ ಕಡೆ ಉಸಿರು ಬರುವುದಿಲ್ಲ ಎಂದ. ಗುಡಿಸಲಿಗೇ ತಂದು ಮಲಗಿಸಿದೆವು. ಔಷಧಿ ಕೊಟ್ಟೆವು, ಬಿಸಿ ಇಟ್ಟೆವು. ಹೊದಿಸಲು ನನ್ನ ಹತ್ತಿರ ಇದ್ದದ್ದು ಕಂಬಳಿಯೇ. ಅದನ್ನೇ ಎರಡು ಮಡಿಕೆ ಮಾಡಿ ಅವನ ಮೇಲೆ ಹೊದಿಸಿದೆ. ಅವನು ಒಂದು ಸಲವೂ ಆ ಹಾಯಿಯ ಮಾತು ಎತ್ತಲಿಲ್ಲ. ಬೈದಿದ್ದರೆ ನನ್ನನ್ನು ಇಷ್ಟು ವರ್ಷ ಅದು ಹೀಗೆ ಕೊರೆಯುತ್ತಿರಲಿಲ್ಲ.

ಎಂಟನೇ ದಿನ ಬಿಸಿಲು ಚೆನ್ನಾಗಿತ್ತು. ಬಾಗಿಲಿನಿಂದ ಬಿಸಿಲು ಅವನ ಕಾಲಿನ ತನಕ ಬಂದಿತ್ತು. ಉಳಿಯುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅವನು ಸೊಸೆಗೆ ಕೈಸನ್ನೆ ಮಾಡಿದ, ಕೂಸನ್ನು ಪಕ್ಕದಲ್ಲಿ ಮಲಗಿಸು ಎಂದು. ಮಲಗಿಸಿದಳು. ಕೂಸು ಅವನ ಗಡ್ಡ ಹಿಡಿಯಿತು.

ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ಆದರೆ ಅವನು ಹೋಗಿಬಿಟ್ಟರೆ ಯಾರ ಕೈಗೆ ತೌಡು ಕೊಡುವುದು. ಉಸಿರು ಇರುವಾಗ ಅವನ ಅಂಗೈಗೆ ಸುರಿದು ಕೂಸನ್ನು ಎತ್ತಿಕೊಂಡರೆ ಆಯಿತು. ಮಾತೂ ಬೇಡ. ನಾನು ಸೊಂಟದ ಗಂಟಿಗೆ ಕೈ ಹಾಕಿದೆ. ಬಿಚ್ಚುತ್ತಿದ್ದೆ. ಸೊಸೆ ನನ್ನ ಕೈ ಮೇಲೆ ಕೈ ಇಟ್ಟಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ಬ್ಯಾಡ ಮಾವ. ಬಿಚ್ಚಬ್ಯಾಡ್ರಿ" ಎಂದಳು.

ನಾನು ಅವಳ ಮುಖ ನೋಡಿದೆ. ಕೂಸಿಗೂ ತನಗೂ ದಾರ ಕಟ್ಟಿಕೊಂಡು ಮಲಗುತ್ತಿದ್ದವಳು ಇವಳೇ.

ಅಜ್ಜನಿಗೆ ಕೇಳಿಸಿತೋ ಏನೋ. ಕಣ್ಣು ಹೊರಳಿಸಿದ. "ಅದೆಂತ ಗಂಟು?" ಎಂದ.

"ಕುರಿಗೆ ತೌಡು, ಅಜ್ಜ" ಎಂದಳು ಸೊಸೆ.

ಅವನು ಅವಳ ಕಡೆ ನೋಡಿದ. "ಹೌದಾ. ಹಾಗಾದ್ರೆ ಕುರಿಗೇ ಹಾಕು ಮಾರಾಯ್ತಿ" ಎಂದ. ಅವನಿಗೆ ಅರ್ಥವಾಯಿತೋ ಇಲ್ಲವೋ ನಾನು ಇವತ್ತಿಗೂ ಯೋಚಿಸುತ್ತೇನೆ. ಕೂಸಿನ ಬಳೆಯನ್ನು ಬೆರಳಿನಿಂದ ಒಂದು ಸಲ ತಿರುಗಿಸಿದ. ಸಂಜೆಗೆ ಮುಂಚೆ ಹೋದ.

ದಡದ ಮೇಲೆ, ಏಳು ಮಾರು ಎತ್ತರದಲ್ಲಿ, ನೀರು ಎಷ್ಟೇ ಏರಿದರೂ ಬಾರದ ಜಾಗದಲ್ಲಿ ಮಣ್ಣು ಮಾಡಿದೆವು. ಸೊಸೆ ಕೂಸಿನ ಮುಷ್ಟಿಯಲ್ಲಿ ಮಣ್ಣು ಇಟ್ಟು, ಆ ಮುಷ್ಟಿಯನ್ನು ತಾನೇ ಬಿಡಿಸಿ, ಅವನ ಮೇಲೆ ಹಾಕಿಸಿದಳು. ಮಗಳು ಹಾಕುವ ಮಣ್ಣು ಅದು. ಬಂದಿದ್ದ ನಮ್ಮ ಬಳಗದವರು ಗುಸುಗುಸು ಮಾಡಿದರು, ಬದುಕಿರುವ ಅಪ್ಪನ ಎದುರಿಗೆ ಹೀಗೆ ಮಾಡುವುದೇ ಎಂದು. ಮಗ ತಿರುಗಿ ನಿಂತ.

ನೀರಿನಿಂದ ಎಳೆದು ತಂದ ಆ ಹಾಯಿಯ ಕಂಬಳಿ ಒಣಗಲು ಎಂಟು ದಿನ ಬೇಕಾಯಿತು. ಯಾರೂ ಹೊದೆಯಲಿಲ್ಲ. ಮರಿಗಳ ಕೆಳಗೆ ಹಾಸಿ ಹಾಸಿಯೇ ಸವೆದುಹೋಯಿತು. ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕಿದೆವು. ಸಂದಿಗೆ ತುರುಕಿದ್ದ ಉಣ್ಣೆಯನ್ನು ಅಳಿಲುಗಳು ಕಿತ್ತುಕೊಂಡು ಹೋದವು. ನಾವು ಮತ್ತೆ ನೀರಿಗೆ ಇಳಿಯಲಿಲ್ಲ. ಗುಡ್ಡದ ಹುಲ್ಲು ಈಗ ಅದರ ಪಾಡಿಗೆ ಬೆಳೆದು ಅದರ ಪಾಡಿಗೆ ಒಣಗುತ್ತದೆ.

ಕೂಸು ಬದುಕಿತು. ಒಂದು ಕೆಮ್ಮು ನೆಗಡಿ ಇಲ್ಲದೆ ಬೆಳೆಯಿತು. ಸತ್ತವನ ಮಗಳಾದ್ದರಿಂದ ಸಾವಿಗೆ ಅದರ ಮೇಲೆ ಕಣ್ಣಿಲ್ಲ ಎಂದು ಸೊಸೆ ನಂಬಿದ್ದಾಳೆ. ನಮ್ಮದು ಎಂದ ದಿನ ಸಾವು ತಿರುಗಿ ನೋಡುತ್ತದೆ ಎಂದು ಹೆದರುತ್ತಾಳೆ. ಯಾರಾದರೂ ಕೇಳಿದರೆ ದೋಣಿ ಅಜ್ಜನ ಮಗಳು ಎನ್ನುತ್ತಾಳೆ. ತಲೆ ಬಾಚುತ್ತಾಳೆ, ಉಣ್ಣಿಸುತ್ತಾಳೆ, ಅಪ್ಪಿ ಮಲಗಿಸುತ್ತಾಳೆ, ಮಗಳೇ ಎಂದು ಮಾತ್ರ ಕರೆಯುವುದಿಲ್ಲ. ಆಮೇಲೆ ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಅವಳು ಮಗಳೇ ಎನ್ನುವುದನ್ನು ಒಂದು ಸಲ ಕೇಳಿ ಕಣ್ಣು ಮುಚ್ಚಬೇಕು ಎಂದು ನನ್ನ ಆಸೆ. ಆ ತೌಡಿನ ಗಂಟು ಇನ್ನೂ ನಮ್ಮ ಮನೆಯ ತೊಲೆಗೆ ನೇತಾಡುತ್ತಿದೆ. ಹುಳ ಬೀಳುತ್ತದೆ ಎಂದು ಆರು ತಿಂಗಳಿಗೊಮ್ಮೆ ಹಳೆಯದನ್ನು ಕುರಿಗೆ ಹಾಕಿ ಹೊಸದು ಕಟ್ಟುತ್ತೇನೆ. ಯಾರಿಗೆ ಕೊಡಲು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಹೋದ ವಾರ ಅವಳನ್ನು ಸ್ಕೂಲಿಗೆ ಸೇರಿಸಿದೆವು. ಮಗ ಒಳಗೆ ಹೋದ, ನಾನು ಬಾಗಿಲಲ್ಲಿ ನಿಂತೆ. ಸೊಸೆ ಹೊರಗೆ ಬೇವಿನ ಮರದ ಕೆಳಗೆ ಕೂತಳು. ಮೇಷ್ಟ್ರು ಯಾರ ಮಗಳಮ್ಮ ನೀನು ಎಂದು ಕೇಳಿದರು. ದೋಣಿ ಅಜ್ಜನ ಮಗಳು ಎಂದಳು ಅವಳು, ಎಷ್ಟು ಗಟ್ಟಿಯಾಗಿ ಎಂದಳು. ಮೇಷ್ಟ್ರು ನಕ್ಕು, ನನ್ನ ಮಗನ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು.

ನಾನು ಮರದ ಹತ್ತಿರ ಬಂದೆ. ಬರೆದರಾ ಎಂದು ಸೊಸೆ ಕೇಳಿದಳು. ಬರೆದರು ಎಂದೆ. ಏನಂತ ಎಂದಳು. ನನ್ನ ಮಗನ ಮಗಳು ಅಂತ ಎಂದೆ. ಅವಳು ಬಿದ್ದಿದ್ದ ಬೇವಿನ ಕಡ್ಡಿಯಿಂದ ನೆಲ ಗೀಚಿದಳು.

"ಬರದ್ರೆ ಏನೂ ಆಗಲ್ಲ ಅಲ್ವಾ ಮಾವ?"

"ಏನೂ ಆಗಲ್ಲವ್ವ. ಬರಿಯಾದು ಬ್ಯಾರೆ, ಅನ್ನಾದು ಬ್ಯಾರೆ."

ಮನೆಗೆ ಬಂದ ಮೇಲೆ, ಕೂಸು ಹೊರಗೆ ಮರಿಗಳ ಜೊತೆ ಇದ್ದಾಗ, ಸೊಸೆ ಅದರ ಹೊಸ ಸ್ಲೇಟು, ಬಳಪ ತಂದು ನನ್ನ ಮುಂದೆ ಇಟ್ಟಳು. ನನ್ನ ಮಗಳು ಎಂದು ಬರೆದುಕೊಡಿ ಎಂದು ಬಾಯಲ್ಲಿ ಕೇಳಲಿಲ್ಲ. ಕೇಳುವಂತಿಲ್ಲವಲ್ಲ. ಬಳಪವನ್ನು ನನ್ನ ಕೈಗೆ ಕೊಟ್ಟು, ತನ್ನ ಎದೆ ಮುಟ್ಟಿಕೊಂಡು, ಬಾಗಿಲಿನ ಆಚೆ ಓಡುತ್ತಿದ್ದ ಕೂಸಿನ ಕಡೆ ನೋಡಿದಳು. ನಾನು ದೊಡ್ಡ ಅಕ್ಷರದಲ್ಲಿ ಬರೆದೆ. ಅವಳಿಗೆ ಓದಲು ಬರುವುದಿಲ್ಲ. ಅಕ್ಷರದ ಮೇಲೆಲ್ಲ ಬೆರಳು ಆಡಿಸಿದಳು, ನಿಧಾನವಾಗಿ, ಮೊದಲಿನಿಂದ ಕೊನೆಯ ತನಕ, ಮತ್ತೆ ಮೊದಲಿನಿಂದ. ಕೂಸು ಒಳಗೆ ಬರುವ ಸದ್ದಾಯಿತು. ಸೆರಗಿನಿಂದ ಒರೆಸಿ ಸ್ಲೇಟನ್ನು ಚೀಲದಲ್ಲಿ ಇಟ್ಟಳು.

ಅವಳು ಒರೆಸಿದ್ದನ್ನು ನಾನು ಇಲ್ಲಿ ಬರೆದಿಟ್ಟಿದ್ದೇನೆ.